ಬಿಯರಿಗೆಂದು ತಂದ ಮಾಲ್ಟು

ನಮ್ಮ ಮನೆಯ ಅಡುಗೆಮನೆಯಲ್ಲಿ ಯಾವ ಡಬ್ಬಿಯೂ ನಿಜ ಹೇಳುವುದಿಲ್ಲ. ಕಾಫಿಪುಡಿಯ ಡಬ್ಬಿಯಲ್ಲಿ ಸಾರಿನಪುಡಿ ಇರುತ್ತದೆ. ಸಾರಿನಪುಡಿ ಎಂದು ಅಮ್ಮನೇ ಕೈಯಾರೆ ಬರೆದು ಅಂಟಿಸಿದ ಡಬ್ಬಿಯಲ್ಲಿ ಮೆಂತ್ಯ ಇರುತ್ತದೆ. ಯಾರೋ ವಿದೇಶದಿಂದ ತಂದುಕೊಟ್ಟ ಚಾಕೊಲೇಟಿನ ಚೆಂದದ ಡಬ್ಬಿಯನ್ನು ಆಸೆಯಿಂದ ತೆರೆದರೆ ಒಳಗೆ ಬ್ಯಾಡಗಿ ಮೆಣಸಿನಕಾಯಿ ಮುಖ ಕೆಂಪಗೆ ಮಾಡಿಕೊಂಡು ಕೂತಿರುತ್ತದೆ. ಇನ್ನು ನಾನು ಎತ್ತರವಾಗಲಿ ಎಂದು ಚಿಕ್ಕಂದಿನಲ್ಲಿ ಕುಡಿಸಿದ ಹೆಲ್ತ್ ಡ್ರಿಂಕುಗಳ ಗಾಜಿನ ಬಾಟಲಿಗಳಂತೂ ಒಂದೂ ಒಡೆಯದೆ ಇವತ್ತಿಗೂ ಶೆಲ್ಫಿನ ಮೇಲೆ ಪೆರೇಡ್ ನಿಂತಿವೆ. ನಾನು ಎತ್ತರವಾಗಲಿಲ್ಲ, ಬಾಟಲಿಗಳು ಮಾತ್ರ ಉಳಿದವು. ಹೊರಗಿನವರು ಇದನ್ನು ಗೊಂದಲ ಎನ್ನಬಹುದು. ಅಮ್ಮ ಮಾತ್ರ ಕಣ್ಣು ಮುಚ್ಚಿಕೊಂಡು ಕೈ ಚಾಚಿದರೆ ಬೇಕಾದದ್ದೇ ಬರುತ್ತದೆ. ಅಂಗಡಿಯಿಂದ ಬಂದ ಯಾವ ಪದಾರ್ಥವೂ ತನ್ನ ಪ್ಯಾಕೆಟ್ಟಿನಲ್ಲಿ ಒಂದು ರಾತ್ರಿಗಿಂತ ಹೆಚ್ಚು ತಂಗುವಂತಿಲ್ಲ ಎಂಬುದು ಆಕೆಯ ಕಾನೂನು. "ಪ್ಯಾಕೆಟ್‌ನಲ್ಲೇ ಬಿಟ್ರೆ ಇರುವೆ ಬರುತ್ತೆ ಕಣೋ" ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಇರುವೆಗೆ ಸಿಗುವ ಗೌರವ ನನಗೆ ಯಾವತ್ತೂ ಸಿಕ್ಕಿಲ್ಲ.

ಈ ಕಾನೂನು ಗೊತ್ತಿದ್ದೂ ಗೊತ್ತಿದ್ದೂ ನಾನು ಬಿಯರ್ ಮಾಡುವ ಸಾಮಾನನ್ನು ಮನೆಗೆ ತಂದೆ. ಅದೂ ನನಗೆ ಹೆಣ್ಣು ನೋಡುತ್ತಿದ್ದ ದಿನಗಳಲ್ಲಿ.

ಮೊದಲು ಆ ಹೆಣ್ಣಿನ ವಿಷಯ ಹೇಳಿಬಿಡುತ್ತೇನೆ. ನನ್ನ ಕೆಲಸ ದನಿ ಕೊಡುವುದು. ಜೆ.ಪಿ. ನಗರದ ಒಂದು ಪುಟ್ಟ ಸ್ಟುಡಿಯೋದಲ್ಲಿ ಕೂತು ಜಾಹೀರಾತುಗಳಿಗೆ ಮಾತಾಡುತ್ತೇನೆ. ನೋವಿನೆಣ್ಣೆ ಹಚ್ಚಿಕೊಂಡು ಎದ್ದು ಕುಣಿಯುವ ತಾತ ನಾನೇ, ಸೋಪು ನೋಡಿ ಬೆರಗಾಗುವ ಪಕ್ಕದ ಮನೆಯವನೂ ನಾನೇ. ಫೋನಿನಲ್ಲಿ "ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಜನರ ತಲೆ ತಿನ್ನುವ ದನಿಗಳಲ್ಲಿ ಒಂದು ನನ್ನದು. ಇದನ್ನು ಹುಡುಗಿಯ ಮನೆಯವರಿಗೆ ಹೇಳುವುದು ಬಹಳ ಕಷ್ಟ. "ಹುಡುಗ ಏನ್ ಮಾಡ್ತಾನೆ?" ಎಂದು ಕೇಳಿದರೆ ಅಪ್ಪ ಗಂಟಲು ಸರಿಮಾಡಿಕೊಂಡು "ಕಮ್ಯುನಿಕೇಷನ್ನು" ಎನ್ನುತ್ತಾರೆ. ಅದಕ್ಕೂ ಮಿಗಿಲಾಗಿ, ಎದುರಿಗೆ ಯಾರು ಕೂತರೂ ಅವರ ಹಾಗೇ ಮಾತಾಡುವ ಚಟ ನನ್ನದು. ಹೋದ ಸಲ ವಸಂತಪುರದಿಂದ ಬಂದಿದ್ದ ಹುಡುಗಿಯ ಸೋದರಮಾವ ಮಾತಿಗೊಮ್ಮೆ "ಅಂದ್ರೆ ಏನೂಂದ್ರೆ" ಎನ್ನುತ್ತಿದ್ದರು. ಅವರು ಚಪ್ಪಲಿ ಹಾಕಿಕೊಳ್ಳಲು ಹೊರಗೆ ಹೋದಾಗ ನಾನು ಒಳಗೆ ಅಜ್ಜಿಗೆ ಅವರನ್ನು ತೋರಿಸುತ್ತಿದ್ದೆ. ಛತ್ರಿ ಮರೆತಿದ್ದೇನೆಂದು ಅವರು ವಾಪಸು ಬಂದರು. ಅಂದ್ರೆ ಏನೂಂದ್ರೆ, ಆ ಸಂಬಂಧ ಹೋಯಿತು. ಅಂಥ ಹೊತ್ತಿನಲ್ಲಿ ಬಂದ ಸಂಬಂಧ ಬನಶಂಕರಿಯ ರಾಮಮೂರ್ತಿಗಳ ಮಗಳು ಸಿಂಧುವಿನದು. ಬಿಸ್ಕತ್ತಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಹಿರಿಯರ ಅಪ್ಪಣೆಯ ಮೇರೆಗೆ ಒಂದೇ ಒಂದು ಸಲ ಫೋನಿನಲ್ಲಿ ಮಾತಾಡಿದ್ದೆವು. ನಾನು ಏನೋ ಹೇಳಿದೆ, ಆಕೆ ನಕ್ಕಳು. ಆ ನಗುವನ್ನು ಅನುಕರಿಸಲು ನಾನು ಬಾತ್‌ರೂಮಿನಲ್ಲಿ ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ನನ್ನ ಗಂಟಲಿಗೆ ಸಿಗದ ದನಿ ಅದೊಂದೇ. ಈ ಸಂಬಂಧ ಮಾತ್ರ ತಪ್ಪಿಹೋಗಬಾರದು ಎಂದು ಅವತ್ತೇ ತೀರ್ಮಾನಿಸಿದೆ.

ಹಾಗೆ ತೀರ್ಮಾನಿಸಿದ ವಾರವೇ ಗೆಳೆಯ ನವೀನ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದ. ನವೀನನದು ಗೊಟ್ಟಿಗೆರೆ. ಅವರ ತಾತ ಅವರೆಕಾಯಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಇವರು ಪೇಯಿಂಗ್ ಗೆಸ್ಟ್ ಹುಡುಗರನ್ನು ಬೆಳೆಯುತ್ತಿದ್ದಾರೆ. "ಮಗಾ, ಇದು ಬಿಯರ್ ಕಿಟ್ಟು. ಯಾರೋ ಗಿಫ್ಟ್ ಕೊಟ್ರು. ನಮ್ ಮನೇಲಿ ಅಮ್ಮಂಗೆ ಗೊತ್ತಾದ್ರೆ ಬಕೆಟ್ ಸಮೇತ ನನ್ನ ಕೆರೆಗೆ ಎಸೀತಾರೆ. ನಿಮ್ಮನೇಲಿ ಯಾರಿಗೂ ಡೌಟ್ ಬರಲ್ಲ. ನೀನೇ ಮಾಡು, ಇಬ್ರೂ ಕುಡಿಯೋಣ" ಎಂದ. ಹೀಗೆ ಮಾಡುವುದು ಸರ್ಕಾರದ ಕಾನೂನಿನ ಪ್ರಕಾರ ಸರಿಯೋ ತಪ್ಪೋ ಎಂದು ವಿಚಾರಿಸುವ ಮೊದಲೇ ಅಮ್ಮನ ಕಾನೂನಿನ ಪ್ರಕಾರ ತಪ್ಪು ಎಂಬುದು ನನಗೆ ಗೊತ್ತಿತ್ತು. ನಮ್ಮ ಜಯನಗರದಲ್ಲಿ ಅದಕ್ಕಿಂತ ಮೇಲಿನ ಕೋರ್ಟಿಲ್ಲ. ಆದರೂ ಪೆಟ್ಟಿಗೆ ತೆಗೆದಿಟ್ಟುಕೊಂಡೆ. ಮಾಡಬಾರದು ಎಂದಿದ್ದರೆ ದೇವರು ಕುತೂಹಲವನ್ನು ಯಾಕೆ ಕೊಡುತ್ತಿದ್ದ?

ಪೆಟ್ಟಿಗೆಯಲ್ಲಿ ಮೂರು ವಸ್ತುಗಳಿದ್ದವು. ಕೆಳಗಡೆ ನಲ್ಲಿ ಇರುವ, ಮುಚ್ಚಳದ ನಡುವೆ ಒಂದು ತೂತು ಇರುವ ಬಿಳಿ ಬಕೆಟ್ಟು. ಒಂದು ತಗಡಿನ ಡಬ್ಬದ ತುಂಬ ಕಪ್ಪನೆಯ, ಜೇನಿಗಿಂತ ಮಂದವಾದ, ಸಿಹಿಯೂ ಕಹಿಯೂ ಆದ ಪಾಕ. ಅಂದರೆ ಮೊಳಕೆ ಬರಿಸಿದ ಬಾರ್ಲಿಯ ರಸವನ್ನು ಬತ್ತಿಸಿ, ಹಾಪ್ಸ್ ಎಂಬ ಹೂವಿನ ಕಹಿ ಸೇರಿಸಿದ್ದು. ಮತ್ತೊಂದು ಪುಟ್ಟ ಪೊಟ್ಟಣದಲ್ಲಿ ಹುದುಗು ಬರಿಸುವ ಯೀಸ್ಟು. ಪಾಕವನ್ನು ಬಿಸಿನೀರಿನಲ್ಲಿ ಕರಗಿಸಿ, ತಣ್ಣೀರು ಬೆರೆಸಿ, ಯೀಸ್ಟು ಉದುರಿಸಿ ಮುಚ್ಚಿಟ್ಟರೆ ಮುಗಿಯಿತು. ದೋಸೆ ಹಿಟ್ಟಿಗಿಂತ ಸುಲಭ, ರುಬ್ಬುವ ಕೆಲಸವೂ ಇಲ್ಲ. ಆದರೆ ವಿವರಣೆಯ ಕೊನೆಯಲ್ಲಿ ಒಂದು ಸಾಲಿತ್ತು: ಇದರ ಜೊತೆಗೆ ಒಂದು ಕಿಲೋ ಸಕ್ಕರೆಯನ್ನಾಗಲಿ ಮಾಲ್ಟನ್ನಾಗಲಿ ನಿಮ್ಮ ಇಷ್ಟದಂತೆ ಸೇರಿಸಿ.

ನಿಮ್ಮ ಇಷ್ಟದಂತೆ! ನನ್ನನ್ನು ಹಾಳು ಮಾಡಿದ್ದು ಆ ಎರಡು ಪದಗಳು. ನನಗೆ ಬೇರೆ ಎಲ್ಲ ಬರುತ್ತದೆ, ಇಷ್ಟ ಬರುವುದಿಲ್ಲ. ಹೋಟೆಲಿಗೆ ಹೋದರೆ ಪಕ್ಕದ ಟೇಬಲ್ಲಿನವರು ಏನು ಹೇಳುತ್ತಾರೋ ಅದನ್ನೇ, ಅವರ ದನಿಯಲ್ಲೇ, ಹೇಳುವವನು ನಾನು. ಹಾಗಾಗಿ ಬೇರೆಯವರನ್ನು ಕೇಳಲು ಹೊರಟೆ.

ನವೀನನಿಗೆ ಫೋನು ಮಾಡಿದರೆ ಅವನು ಯೋಚನೆ ಕೂಡ ಮಾಡಲಿಲ್ಲ. "ಬೆಲ್ಲ ಹಾಕು ಗುರು. ನಮ್ ತಾತನ ಕಾಲದಿಂದ ಬೆಲ್ಲಾನೇ."

"ನಿಮ್ ತಾತ ಬಿಯರ್ ಮಾಡ್ತಿದ್ರಾ?"

"ಏನ್ ಮಾಡ್ತಿದ್ರೋ ಗೊತ್ತಿಲ್ಲ. ಮಾಡಿದ್ ದಿನ ಅಜ್ಜಿ ತವರಿಗೆ ಹೋಗ್ತಿದ್ರು. ಅಂದ್ಮೇಲೆ ಸಖತ್ತಾಗೇ ಇದ್ದಿರ್ಬೇಕು."

ಆಮೇಲೆ ಈ ಸಾಮಾನುಗಳನ್ನೇ ಮಾರುವ ಒಂದು ಅಂಗಡಿಗೆ ಫೋನು ಮಾಡಿದೆ. ಅಲ್ಲಿದ್ದಾತ ಡಾಕ್ಟರ ಹಾಗೆ ಮೆತ್ತಗೆ, ಪ್ರತಿ ವಾಕ್ಯಕ್ಕೂ ಒಂದು ನಿಟ್ಟುಸಿರು ಸೇರಿಸಿ ಮಾತಾಡುವವನು. "ನೋಡಿ ಸಾರ್, ಮನೆ ಸಕ್ಕರೆ ಹಾಕಿದ್ರೆ ಕಿಕ್ ಬರುತ್ತೆ, ಆದ್ರೆ ತೆಳ್ಳಗಾಗುತ್ತೆ, ಸ್ವಲ್ಪ ಹುಳಿ ಹೊಡೆಯುತ್ತೆ. ಡೆಕ್ಸ್‌ಟ್ರೋಸ್ ಹಾಕಿದ್ರೆ ಹುಳಿ ಇಲ್ಲ, ಕ್ಲೀನು. ಆದ್ರೆ ಅದೂ ತೆಳ್ಳಗೇ. ಬೆಲ್ಲ ಹಾಕಿದ್ರೆ ಬೆಲ್ಲದ್ದೇ ವಾಸನೆ, ಬಿಯರ್ ಎಲ್ಲಿ ಅಂತ ಹುಡುಕ್ಬೇಕು. ಮಾಲ್ಟ್ ಪುಡಿ ಹಾಕಿದ್ರೆ ಮೈ ಕೈ ತುಂಬ್ಕೊಂಡು, ಮೇಲೆ ಒಳ್ಳೆ ನೊರೆ ನಿಲ್ಲುತ್ತೆ. ಅದರಲ್ಲೂ ಲೈಟಿದೆ, ಡಾರ್ಕಿದೆ. ನಿಮಗ್ ಯಾವ್ದು ಇಷ್ಟ ಸಾರ್?" ಮತ್ತೆ ಅದೇ ಪ್ರಶ್ನೆ. ನಾನು ಅವನದೇ ನಿಟ್ಟುಸಿರಿನಲ್ಲಿ "ಯೋಚನೆ ಮಾಡಿ ಹೇಳ್ತೀನಿ ಸಾರ್" ಎಂದೆ. ಅವನಿಗೆ ಪ್ರತಿಧ್ವನಿ ಕೇಳಿಸಿದಂತಾಗಿರಬೇಕು, ಫೋನು ಇಟ್ಟುಬಿಟ್ಟ.

ಸಕ್ಕರೆಯನ್ನು ಕಣ್ಣಾರೆ ನೋಡಿದರೆ ಇಷ್ಟ ಹುಟ್ಟಬಹುದೆಂದು ಯಡಿಯೂರು ಕೆರೆಯ ಹತ್ತಿರದ ಶೆಟ್ಟರ ಅಂಗಡಿಗೆ ಹೋದೆ. ಶೆಟ್ಟರು ನಮ್ಮ ಮನೆಗೆ ದಿನಸಿ ಕೊಡುವವರು. ನಾನು ಹುಟ್ಟಿದಾಗ ಹಂಚಿದ ಸಕ್ಕರೆಯೂ ಅವರ ಅಂಗಡಿಯದೇ. ಸಣ್ಣ ಸಕ್ಕರೆ, ದಪ್ಪ ಸಕ್ಕರೆ, ಕಲ್ಲುಸಕ್ಕರೆ, ಅಚ್ಚುಬೆಲ್ಲ, ಉಂಡೆಬೆಲ್ಲ, ಜೋನಿಬೆಲ್ಲ, ಎಲ್ಲವನ್ನೂ ಮೂಸಿ ನೋಡಿ, ಬಾರ್ಲಿ ಜೊತೆಗೆ ಯಾವುದು ಹೊಂದುತ್ತದೆ ಎಂದು ಕೇಳಿದೆ.

"ಬಾರ್ಲಿಗಾ?" ಶೆಟ್ಟರು ತಕ್ಕಡಿ ಬಿಟ್ಟು ನನ್ನ ಮುಖ ನೋಡಿದರು. "ಯಾತಕ್ಕೆ?"

"ಸುಮ್ನೆ, ಕುಡಿಯೋಕೆ ಶೆಟ್ರೆ."

"ಬಾರ್ಲಿ ಸುಮ್ನೆ ಯಾರೂ ಕುಡಿಯಲ್ಲಪ್ಪ." ಅವರ ದನಿ ತಗ್ಗಿತು. ಕಣ್ಣಲ್ಲಿ ಕರುಣೆ ಬಂತು. "ಯಾವ ಕಡೆ ನೋವು? ಎಡಗಡೇನಾ, ಬಲಗಡೇನಾ?"

ನಮ್ಮ ಕಡೆ ಬಾರ್ಲಿ ನೀರು ಕುಡಿಯುವವರು ಒಬ್ಬರೇ, ಮೂತ್ರಪಿಂಡದಲ್ಲಿ ಕಲ್ಲಾದವರು. ನನಗೆ ಇದು ಹೊಳೆಯುವಷ್ಟರಲ್ಲಿ ಶೆಟ್ಟರು "ನೀರು ಜಾಸ್ತಿ ಕುಡಿ, ಬಾಳೆದಿಂಡಿನ ರಸ ಕುಡಿ, ಧೈರ್ಯವಾಗಿರು" ಎಂದು ಬೆನ್ನು ತಟ್ಟಿ ಕಳಿಸಿದ್ದರು. ತಿದ್ದೋಣವೆಂದರೆ ಬಿಯರಿನ ವಿಷಯ ಹೇಳಬೇಕಾಗುತ್ತದೆ. ಕಲ್ಲೇ ವಾಸಿ ಎಂದು ಸುಮ್ಮನೆ ಬಂದೆ.

ಮೂರು ಜನ, ಮೂರು ದಾರಿ. ಕೊನೆಗೆ ಎಲ್ಲ ಹೇಡಿಗಳೂ ಮಾಡುವುದನ್ನೇ ನಾನೂ ಮಾಡಿದೆ. ಎಲ್ಲವನ್ನೂ ತರಿಸಿದೆ. ಒಂದು ಪ್ಯಾಕೆಟ್ ಡೆಕ್ಸ್‌ಟ್ರೋಸು, ಒಂದು ಪ್ಯಾಕೆಟ್ ತಿಳಿ ಬಣ್ಣದ ಮಾಲ್ಟ್ ಪುಡಿ, ಒಂದು ದೊಡ್ಡ ಉಂಡೆಬೆಲ್ಲ. ಎಲ್ಲವನ್ನೂ ನನ್ನ ಕೋಣೆಯ ಮೂಲೆಯಲ್ಲಿ ಬಕೆಟ್ಟಿನೊಳಗೆ ಇಟ್ಟು ಮೇಲೊಂದು ಹಳೆಯ ಟವೆಲ್ ಹೊದಿಸಿದೆ. ತಡೆಯಲಾರದೆ ಕಪ್ಪು ಪಾಕದ ಡಬ್ಬವನ್ನೂ ತೆರೆದು ಒಂದು ಚಮಚ ನೆಕ್ಕಿದೆ. ಮಾಲ್ಟ್ ಪುಡಿಯನ್ನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಒಳ್ಳೆಯ ಬಿಸ್ಕತ್ತನ್ನು ಪುಡಿ ಮಾಡಿದ ಹಾಗಿತ್ತು. ದಿನವೂ ಟವೆಲ್ ಎತ್ತಿ ನೋಡುವುದು, ಇವತ್ತು ಸಕ್ಕರೆಯೋ ಮಾಲ್ಟೋ ಎಂದು ಚಿಂತಿಸುವುದು, ಟವೆಲ್ ಮುಚ್ಚುವುದು. ಯೀಸ್ಟಿಗೆ ಜೀವವಿದೆ ಎನ್ನುತ್ತಾರೆ. ಇದ್ದರೆ ಅದು ನನ್ನನ್ನು ನೋಡಿ ಹಲ್ಲು ಕಡಿದಿರಬೇಕು.

ಅಷ್ಟರಲ್ಲಿ ರಾಮಮೂರ್ತಿಗಳು ಮಗಳೊಂದಿಗೆ ಭಾನುವಾರ ಸಂಜೆ ಬರುವುದೆಂದು ನಿಶ್ಚಯವಾಯಿತು. ಶನಿವಾರವೆಲ್ಲ ನನಗೆ ಸ್ಟುಡಿಯೋದಲ್ಲಿ ಹಪ್ಪಳದ ಜಾಹೀರಾತು, ರಾತ್ರಿ ಮಲಗಿದ್ದೂ ಅಲ್ಲೇ. ಭಾನುವಾರವೂ ಅದೇ ಹಪ್ಪಳ. ಕರಿದ ಸದ್ದು ಬಾಯಲ್ಲೇ ಬರಬೇಕೆಂದು ಹಟ ಹಿಡಿದಿದ್ದರು. ನಾನು ಮನೆಗೆ ಓಡಿಬಂದು ಅಂಗಿ ಬದಲಿಸುವಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಆದ್ದರಿಂದ ಅತಿಥಿಗಳು ಬರುತ್ತಾರೆಂದು ಅಮ್ಮ ನನ್ನ ಕೋಣೆಯನ್ನೂ ಗುಡಿಸಿ ಸಾರಿಸಿದ್ದಾಳೆ ಎಂಬುದು ನನಗೆ ತಿಳಿದದ್ದು ಹಾಲಿಗೆ ಬಂದು ಎಲ್ಲರಿಗೂ ನಮಸ್ಕಾರ ಮಾಡಿ ತಲೆ ಎತ್ತಿದ ಮೇಲೆ.

ಊಟದ ಮೇಜಿನ ಪಕ್ಕದಲ್ಲಿ, ಸ್ಟೂಲಿನ ಮೇಲೆ, ನನ್ನ ಬಿಯರ್ ಬಕೆಟ್ಟು ವಿರಾಜಮಾನವಾಗಿತ್ತು. ಮೇಲೊಂದು ಕಸೂತಿಯ ಬಟ್ಟೆ. ಮುಚ್ಚಳದ ತೂತಿನಲ್ಲಿ ಒಂದು ಪ್ಲಾಸ್ಟಿಕ್ ಗುಲಾಬಿ. ಅಪ್ಪ ಅದರ ನಲ್ಲಿಯಿಂದ ಲೋಟಕ್ಕೆ ಕಾದಾರಿದ ನೀರು ಹಿಡಿದು ರಾಮಮೂರ್ತಿಗಳಿಗೆ ಕೊಡುತ್ತಿದ್ದರು. "ಹುಡುಗ ತಂದಿಟ್ಟಿದ್ದಾನೆ ನೋಡಿ. ನಲ್ಲಿ ಇರೋದ್ರಿಂದ ಬಗ್ಗೋ ಹಾಗೇ ಇಲ್ಲ" ಎಂದು ವಿವರಣೆ ಬೇರೆ. ಸಿಂಧು ಬಕೆಟ್ಟನ್ನು ನೋಡಿದಳು. ಗುಲಾಬಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ.

ಬಕೆಟ್ಟು ಇಲ್ಲಿದ್ದರೆ ಒಳಗಿದ್ದದ್ದು ಎಲ್ಲಿ? ಪಕ್ಕದಲ್ಲಿ ಕೂತಿದ್ದ ಅಜ್ಜಿಯನ್ನು ಮೆಲ್ಲಗೆ ಕೇಳಿದೆ. ಅಜ್ಜಿ ಅಷ್ಟೇ ಮೆಲ್ಲಗೆ, ಅಂದರೆ ಹಾಲಿಗೆಲ್ಲ ಕೇಳುವಂತೆ, "ನೀನು ತಂದಿದ್ದ ಲೇಹ್ಯ ಭಾಳಾ ಚೆನ್ನಾಗಿದೆ ಕಣೋ ವಿನಯ. ಜಾಡೀಲಿ ಹಾಕಿಸ್ಕೊಂಡೆ. ಕಹಿ ಇದೆ, ಗುಣ ಇರುತ್ತೆ. ಒಂದ್ ಚಮಚ ತಿಂದು ಮಲಗಿದ್ದು, ಬೆಳಗಾಗಿದ್ದೇ ಗೊತ್ತಾಗ್ಲಿಲ್ಲ" ಎಂದಳು. ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸ್ ಎಂದು ಓದಿ ಬಲ್ಲ ಅಪ್ಪ ಅದನ್ನು ಅವತ್ತು ಬೆಳಿಗ್ಗೆಯೇ ನಿಂಬೆಹಣ್ಣಿನ ಶರಬತ್ತು ಮಾಡಿಸಿ, ತಮ್ಮ ವಾಕಿಂಗ್ ಗೆಳೆಯರ ದಣಿವಾರಿಸಿದ್ದರಂತೆ. ಬೆಲ್ಲ ಎಲ್ಲಿ ಹೋಯಿತೆಂದು ಕೇಳಬೇಕಾಗಲಿಲ್ಲ, ಎದುರಿನ ತಟ್ಟೆಯಲ್ಲಿ ಒಬ್ಬಟ್ಟಾಗಿ ಕೂತಿತ್ತು. ಉಳಿದದ್ದು ಮಾಲ್ಟು. ಅದೊಂದು ಬದುಕಿರಲಿ ದೇವರೇ ಎಂದುಕೊಳ್ಳುತ್ತಿರುವಾಗ ಅಮ್ಮ ಕಾಫಿ ತಂದಳು.

ರಾಮಮೂರ್ತಿಗಳು ಎರಡೂ ಕೈ ಎತ್ತಿದರು. "ಕಾಫಿ ಬೇಡಮ್ಮ. ಅಸಿಡಿಟಿ. ಡಾಕ್ಟ್ರು ಬಿಡಿಸಿಬಿಟ್ಟಿದ್ದಾರೆ."

ನಮ್ಮ ಕಡೆಯ ಮನೆಯಲ್ಲಿ ಅತಿಥಿ ಕಾಫಿ ಬೇಡ ಎಂದರೆ ಏನಾಗುತ್ತದೆಂದು ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಬಂದವರ ಗಂಟಲಿನಲ್ಲಿ ಬಿಸಿಯಾದದ್ದೊಂದು ಇಳಿಯದೆ ಅವರನ್ನು ಕಳಿಸುವಂತಿಲ್ಲ, ಕಳಿಸಿದರೆ ಆಮೇಲೆ ವರ್ಷಗಟ್ಟಲೆ ಅದೇ ಮಾತು. "ಟೀ?" "ಅದೂ ಬಿಟ್ಟಿದೀನಿ." "ಮಜ್ಜಿಗೆ?" "ಸಂಜೆ ಹೊತ್ತಲ್ವಾ, ಶೀತ." "ಬಾದಾಮಿ ಹಾಲು?" "ಜೀರ್ಣ ಆಗಲ್ಲ." ಅಮ್ಮನ ಮುಖ ಸಣ್ಣದಾಯಿತು. ಆಮೇಲೆ ಏನೋ ಹೊಳೆದು ಅಗಲವಾಯಿತು. ಒಳಗೆ ಹೋದಳು. ಹೆಲ್ತ್ ಡ್ರಿಂಕಿನ ಬಾಟಲಿಯೊಂದರ ಮುಚ್ಚಳ ತಿರುಗಿದ ಸದ್ದು ನನಗೆ ಕೇಳಿಸಿತು. ಈ ಮನೆಯಲ್ಲಿ ಹೆಲ್ತ್ ಡ್ರಿಂಕು ಬಂದು ಎಷ್ಟು ಕಾಲವಾಯಿತು? ನಾನು ಏಳುವಷ್ಟರಲ್ಲಿ ನೊರೆ ನೊರೆಯಾದ, ತಿಳಿ ಕಂದು ಬಣ್ಣದ ಬಿಸಿ ಹಾಲಿನ ಲೋಟ ರಾಮಮೂರ್ತಿಗಳ ಕೈಯಲ್ಲಿತ್ತು. ಸಿಂಧುವಿಗೂ ಒಂದು ಬಂತು.

ರಾಮಮೂರ್ತಿಗಳು ಒಂದು ಗುಟುಕು ಹೀರಿದರು. ನಿಂತರು. ಅಂದರೆ ಕೂತಲ್ಲೇ ನಿಂತರು. ಇನ್ನೊಂದು ಗುಟುಕು. ಮೂರನೆಯದಕ್ಕೆ ಕಣ್ಣು ಮುಚ್ಚಿದರು. ಅರ್ಧ ಲೋಟ ಮುಗಿಸಿ ಮೀಸೆಯ ಮೇಲೆ ನೊರೆ ಇಟ್ಟುಕೊಂಡೇ ಹುಡುಗನ ಪರೀಕ್ಷೆಗೆ ಇಳಿದರು. ಮೊದಲು ಕೆಲಸ, ಆಮೇಲೆ ಆರೋಗ್ಯ, ಆಮೇಲೆ ಎಲ್ಲ ಹೆಣ್ಣಿನ ತಂದೆಯರೂ ಕೊನೆಗೆ ಇಟ್ಟುಕೊಂಡಿರುವ ಆ ಪ್ರಶ್ನೆ. ದನಿ ಇಳಿಸಿ, ಹೆಬ್ಬೆರಳನ್ನು ಬಾಯಿಯ ಕಡೆ ಸ್ವಲ್ಪವೇ ಬಾಗಿಸಿ, "ಮತ್ತೆ... ಹುಡುಗನಿಗೆ ಬೇರೆ ಅಭ್ಯಾಸ ಏನಾದ್ರೂ...?"

"ಛೆ ಛೆ" ಎಂದಳು ಅಮ್ಮ. "ನಮ್ ವಿನಯ ಕಾಫಿನೂ ಅರ್ಧ ಲೋಟಾನೇ."

"ಸಂತೋಷ. ನಮಗೆ ಅದೊಂದೇ ನೋಡಿ. ಕುಡಿತ ಇರೋ ಮನೆಗೆ ಹೆಣ್ಣು ಕೊಡಲ್ಲ" ಎಂದು ಉಳಿದ ಅರ್ಧ ಲೋಟವನ್ನು ಒಂದೇ ಸಲಕ್ಕೆ ಇಳಿಸಿದರು. "ಅಲ್ಲಮ್ಮಾ, ಇದ್ಯಾವ ಮಾಲ್ಟು? ಆ ಡಬ್ಬಿ ತನ್ನಿ ನೋಡೋಣ."

ಅಮ್ಮ ಹೆಮ್ಮೆಯಿಂದ ಬಾಟಲಿ ತಂದಳು. ರಾಮಮೂರ್ತಿಗಳು ಕನ್ನಡಕ ಏರಿಸಿ ಲೇಬಲ್ ನೋಡಿ ತಲೆಯಾಡಿಸಿದರು. "ಇದನ್ನ ನಮ್ಮ ಹುಡುಗಿಗೆ ಚಿಕ್ಕವಳಿದ್ದಾಗ ಕೊಡ್ತಿದ್ವಿ. ಅದರ ರುಚಿ ನಂಗೊತ್ತು. ಇದು ಅದಲ್ಲ."

"ಬಾಟಲಿ ಹಳೇದು. ಒಳಗಿರೋದು ವಿನಯ ತರಿಸಿದ್ದು."

ಎಲ್ಲರೂ ನನ್ನ ಕಡೆ ತಿರುಗಿದರು. "ಹೌದೇನಪ್ಪ? ಏನಿದು?"

"ಬಾರ್ಲಿ ಸಾರ್" ಎಂದೆ. ಗಾಬರಿಯಲ್ಲಿ ಅಂಗಡಿಯವನ ನಿಟ್ಟುಸಿರಿನ ದನಿ ಬಂತು.

"ಬಾರ್ಲೀನಾ? ನೀನ್ ಯಾಕಪ್ಪ ಬಾರ್ಲಿ ತರಿಸ್ದೆ?"

ಓದುಗರೇ, ನನ್ನ ಸ್ಥಿತಿ ನೋಡಿ. ಅಮ್ಮ ಸೆರಗಿನ ತುದಿ ಹಿಡಿದುಕೊಂಡು ಬೇಡ ಬೇಡ ಎಂಬಂತೆ ಕಣ್ಣು ಸನ್ನೆ ಮಾಡುತ್ತಿದ್ದಳು. ಆಗ ಅರ್ಥವಾಯಿತು. ಶೆಟ್ಟರು ಅಮ್ಮನಿಗೆ ಕಲ್ಲಿನ ಸುದ್ದಿ ಮುಟ್ಟಿಸಿದ್ದಾರೆ. ಮಗ ಹೇಳಿಕೊಳ್ಳದೆ ಔಷಧಿ ಮಾಡಿಕೊಳ್ಳುತ್ತಿದ್ದಾನೆಂದು ನೊಂದು, ಆ ಪುಡಿಯನ್ನು ಅಷ್ಟು ಪ್ರೀತಿಯಿಂದ ಗಾಜಿನ ಬಾಟಲಿಗೆ ತುಂಬಿಟ್ಟಿದ್ದಾಳೆ. ಹಾಗಾಗಿಯೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಈಗ ನನ್ನ ಎದುರಿಗಿರುವುದು ಎರಡೇ ಉತ್ತರ. ಬಿಯರಿಗೆ ಎಂದರೆ ಕುಡುಕ, ಹುಡುಗಿ ಇಲ್ಲ. ಕಲ್ಲಿಗೆ ಎಂದರೆ ರೋಗಿಷ್ಠ, ಹುಡುಗಿ ಇಲ್ಲ. ಇಷ್ಟು ದಿನ ಸಕ್ಕರೆಯೋ ಮಾಲ್ಟೋ ಎಂದು ಆರಿಸಲಾರದೆ ಒದ್ದಾಡಿದವನಿಗೆ ದೇವರು ಅದಕ್ಕಿಂತ ದೊಡ್ಡ ಅಂಗಡಿಯನ್ನೇ ತೆರೆದು ಕೂರಿಸಿದ್ದ. ಬಾಯಿ ತೆರೆದೆ. ಇರುವ ಅಷ್ಟೂ ದನಿಗಳಲ್ಲಿ ಒಂದೂ ಬರಲಿಲ್ಲ.

"ಅಪ್ಪಾ, ಇದು ಬಾರ್ಲಿ ಮಾಲ್ಟು" ಎಂದಳು ಸಿಂಧು, ಲೋಟ ಮೂಸಿ ನೋಡುತ್ತ. "ನಮ್ಮ ಬಿಸ್ಕತ್ತಿಗೂ ಹಾಕ್ತೀವಿ. ಡಬ್ಬೀಲಿ ಬರೋದಕ್ಕಿಂತ ಪ್ಯೂರು. ತಿಳಿದೋರು ಇದನ್ನೇ ತರಿಸ್ತಾರೆ."

"ನೋಡಿದ್ಯಾ! ಅದಕ್ಕೇ ಈ ರುಚಿ" ಎಂದು ರಾಮಮೂರ್ತಿಗಳು ನನ್ನನ್ನು ಮೊದಲ ಸಲ ಮೆಚ್ಚುಗೆಯಿಂದ ನೋಡಿದರು. "ಇನ್ನರ್ಧ ಲೋಟ ಇದ್ರೆ ಕೊಡಿ ಅಮ್ಮ. ಅಲ್ಲೀವರ್ಗೂ ಹುಡುಗ ಹುಡುಗಿ ಮೇಲೆ ಹೋಗಿ ಮಾತಾಡ್ಲಿ."

ಮಹಡಿಯ ಮೇಲೆ ಒಣಗಲು ಹಾಕಿದ್ದ ಅಪ್ಪನ ಪಂಚೆಗಳ ನಡುವೆ ನಿಂತೆವು. ಇಂಥ ಹೊತ್ತಿನಲ್ಲಿ ಹವ್ಯಾಸ ಏನು, ಅಡುಗೆ ಬರುತ್ತದೆಯೇ, ಮದುವೆಯಾದ ಮೇಲೆ ಎಲ್ಲಿರುವುದು, ಇಂಥವೇ ಪ್ರಶ್ನೆಗಳೆಂದು ಕೇಳಿದ್ದೆ. ಸಿಂಧು ಮೆಟ್ಟಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಅದರ ಜೊತೆ ಸಕ್ಕರೆ ಯಾವ್ದು ಹಾಕ್ಬೇಕು ಅಂತಿದ್ರಿ?" ಎಂದಳು.

ನಾನು ಪಂಚೆ ಹಿಡಿದುಕೊಂಡೆ. "ಯಾವುದರ ಜೊತೆ?"

"ನಲ್ಲಿ ಇರೋ ಬಕೆಟ್ಟು, ತೂತಿರೋ ಮುಚ್ಚಳ, ಅಜ್ಜೀದು ಕಹಿ ಲೇಹ್ಯ. ನಾನು ದಿನಾ ಮಾಲ್ಟ್ ಮಧ್ಯೆ ಕೆಲಸ ಮಾಡೋಳು ರೀ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಎಲ್ಲವನ್ನೂ ಹೇಳಿದೆ. ಹೇಳಿದೆ ಎನ್ನುವುದಕ್ಕಿಂತ ಆಡಿ ತೋರಿಸಿದೆ. ಬೆಲ್ಲವೇ ಸರಿ ಎಂಬ ನವೀನನಾದೆ, ನಿಟ್ಟುಸಿರಿನ ಅಂಗಡಿಯವನಾದೆ, ಎಡಗಡೆಯೋ ಬಲಗಡೆಯೋ ಎಂಬ ಶೆಟ್ಟರಾದೆ. ಆಕೆ ನಕ್ಕಳು, ಅದೇ ನಗು. ಆಮೇಲೆ ಕೇಳಿದಳು, "ಅವರೆಲ್ಲ ಆಯ್ತು. ನಿಮಗೆ ಹೇಗಿರೋ ಬಿಯರ್ ಇಷ್ಟ?"

ಯಾರ ದನಿಯಲ್ಲಿ ಉತ್ತರಿಸಲಿ ಎಂದು ಒಳಗೆಲ್ಲ ಹುಡುಕಿದೆ. ಆಮೇಲೆ ಜಾಹೀರಾತಿಗೆ ಯಾವತ್ತೂ ಆಯ್ಕೆಯಾಗದ, ಸ್ವಲ್ಪ ಮೂಗಿನಿಂದ ಬರುವ, ನನ್ನದೇ ದನಿಯಲ್ಲಿ, "ಗೊತ್ತಿಲ್ಲ ರೀ. ತೆಳ್ಳಗಿರ್ಬಾರ್ದು. ಜಾಸ್ತಿ ಕಿಕ್ಕೂ ಬೇಡ. ನೊರೆ ನಿಂತ್ರೆ ಚೆನ್ನಾಗಿರುತ್ತೆ" ಎಂದೆ.

"ಅಷ್ಟೇ ತಾನೆ? ಸಕ್ಕರೆ ಬೇಡ. ಬರೀ ಮಾಲ್ಟ್ ಹಾಕಿ." ವಾರಗಟ್ಟಲೆ ಟವೆಲ್ ಎತ್ತಿ ಮುಚ್ಚಿದ ಸಮಸ್ಯೆಯನ್ನು ಆಕೆ ಪಂಚೆಯ ಕ್ಲಿಪ್ಪು ಸರಿಮಾಡುತ್ತ ಮುಗಿಸಿಬಿಟ್ಟಳು.

"ನಿಮ್ಮಪ್ಪಂಗೆ ಹೇಳ್ತೀರಾ?"

"ನೋಡೋಣ. ನಮ್ಮಪ್ಪನ ಥರ ಮಾತಾಡಿ ತೋರ್ಸಿ, ಹೇಳಲ್ಲ."

ನಾಲಿಗೆಯ ತುದಿಯಲ್ಲೇ ಇತ್ತು. ಆ ಹೆಬ್ಬೆರಳು, ಆ ಇಳಿದ ದನಿ, ಮೀಸೆಯ ನೊರೆ, ಎಲ್ಲ ಸಿದ್ಧವಾಗಿತ್ತು. ಆದರೆ ವಸಂತಪುರದ ಛತ್ರಿ ನೆನಪಾಯಿತು. ಜೀವಮಾನದಲ್ಲೇ ಮೊದಲ ಸಲ, ಬಾಯಿಗೆ ಬಂದ ಮಿಮಿಕ್ರಿಯನ್ನು ನುಂಗಿಕೊಂಡು, "ಮದುವೆ ಆದ್ಮೇಲೆ ತೋರಿಸ್ತೀನಿ" ಎಂದೆ.

"ಅಯ್ಯೋ" ಎಂದಳು ಸಿಂಧು, ಮೆಟ್ಟಿಲು ಇಳಿಯುತ್ತ. "ಹಾಗಾದ್ರೆ ಮದುವೆ ಆಗ್ಬೇಕಾಗುತ್ತೆ."

ಮರುದಿನ ರಾಮಮೂರ್ತಿಗಳ ಫೋನು ಬಂತು. ಹುಡುಗ ಒಪ್ಪಿಗೆ ಎಂಬುದನ್ನು ಒಂದೇ ಮಾತಿನಲ್ಲಿ ಮುಗಿಸಿ, ಆ ಮಾಲ್ಟು ಎಲ್ಲಿ ಸಿಗುತ್ತದೆಂದು ಬಹಳ ಹೊತ್ತು ವಿಚಾರಿಸಿದರಂತೆ. ಅಮ್ಮ ಉಳಿದಿದ್ದ ಅಷ್ಟನ್ನೂ ಬಾಟಲಿಯ ಸಮೇತ ಕಳಿಸಿಕೊಟ್ಟಳು. ನಾನು ಇನ್ನೊಂದು ಪ್ಯಾಕೆಟ್ಟು ತರಿಸಿದೆ. ಅದು ನಿಶ್ಚಿತಾರ್ಥದ ತಟ್ಟೆಯಲ್ಲಿ ತೆಂಗಿನಕಾಯಿಯ ಪಕ್ಕ ಕೂತು ಬನಶಂಕರಿಗೆ ಹೋಯಿತು. ಮದುವೆಯಾಯಿತು. ಮತ್ತೊಂದು ತರಿಸಿದರೆ, ಮಾವನಿಗೆ ಅದನ್ನು ಕುಡಿದ ಮೇಲೆ ಅಸಿಡಿಟಿ ಇಲ್ಲವಂತೆ, ಅವರ ತಮ್ಮನಿಗೂ ಬೇಕಂತೆ. ಅಂಗಡಿಯವನು ಈಗ ನನ್ನ ದನಿ ಕೇಳಿದ ಕೂಡಲೇ, "ಸಾರ್, ದೊಡ್ಡದಾಗೇ ಬ್ರೂ ಮಾಡ್ತಿದೀರ ಅನ್ಸುತ್ತೆ" ಎಂದು ಗೌರವದಿಂದ ನಿಟ್ಟುಸಿರು ಬಿಡುತ್ತಾನೆ. ಲೇಹ್ಯ ಮುಗಿಯಿತೆಂದು ಅಜ್ಜಿ ಜಾಡಿ ಮುಂದಿಟ್ಟಿದ್ದಾಳೆ. ಬಕೆಟ್ಟು ರಾಮನವಮಿಗೆ ನಮ್ಮ ರಸ್ತೆಯವರಿಗೆಲ್ಲ ಪಾನಕ ಹಂಚಿ ಬಂತು, ಅದೂ ಗುಲಾಬಿ ತೊಟ್ಟುಕೊಂಡು. ಯೀಸ್ಟಿನ ಪೊಟ್ಟಣ ಮಾತ್ರ ಫ್ರಿಜ್ಜಿನಲ್ಲಿ ತಣ್ಣಗೆ ಕೂತು ಕಾಯುತ್ತಿದೆ. ಅದಕ್ಕೆ ನನ್ನ ದನಿಯಲ್ಲೇ ಹೇಳುತ್ತೇನೆ, ದಯವಿಟ್ಟು ಕಾಯಿರಿ. ನವೀನ ಫೋನು ಮಾಡಿ "ಮಗಾ, ಆಯ್ತಾ?" ಎನ್ನುತ್ತಾನೆ. ಸಿಂಧು ಅವನಿಗೆ ಥೇಟು ನನ್ನ ಮೂಗಿನ ದನಿಯಲ್ಲಿ "ಇನ್ನೂ ಸಕ್ಕರೆ ಯಾವ್ದೂಂತ ಡಿಸೈಡ್ ಆಗಿಲ್ಲ ಕಣೋ" ಎಂದು ಉತ್ತರ ಕೊಡುತ್ತಾಳೆ. ಅಮ್ಮನಿಗೂ ಗುರುತು ಹಿಡಿಯಲಾಗುವುದಿಲ್ಲ.

ಮೊನ್ನೆ ಮಾವನವರ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಅವರು ಬೆಳ್ಳಿಲೋಟದ ತುಂಬ ಮಾಲ್ಟು ಹಿಡಿದು ನಡುವೆ ಕೂತು, ಮೀಸೆಯ ಮೇಲೆ ನೊರೆ ಇಟ್ಟುಕೊಂಡು, "ಈ ಕಾಲದಲ್ಲಿ ಒಂದು ತೊಟ್ಟೂ ಕುಡಿಯದ ಅಳಿಯ ಸಿಗೋದು ಅಂದ್ರೆ ಪುಣ್ಯ ಬೇಕು" ಎಂದರು. ಎಲ್ಲರೂ ನನ್ನನ್ನು ನೋಡಿ ತಲೆದೂಗಿದರು. ಮೂಲೆಯಲ್ಲಿ ಸಿಂಧು ಕೆಮ್ಮಿದಳು. ನಾನು ವಿನಯದಿಂದ ತಲೆ ತಗ್ಗಿಸಿದೆ. ಮಾವ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನ ಪಾಲಿನ ಬಿಯರನ್ನೆಲ್ಲ ಅದು ಬಿಯರಾಗುವ ಮೊದಲೇ ಅವರೇ ಕುಡಿದು ಮುಗಿಸುತ್ತಿರುವಾಗ, ನಾನು ಕುಡಿಯುವುದಾದರೂ ಏನನ್ನು?